ಬ್ಲಾಂಶ್‌ಗೆ ಒಂದೇ ಸಾಲು ಸಾಲದು

ಮಧ್ಯಯುಗದ ಫ್ರಾನ್ಸಿನ ಶಾಂಪೇನ್ ಕೌಂಟಿಯ, ಅಂದರೆ ಕೌಂಟ್ ಎಂಬ ಸಾಮಂತ ಆಳುತ್ತಿದ್ದ ಸೀಮೆಯ, ವ್ಯಾಪಾರ ಜಾತ್ರೆಗಳ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಸೊಗಸಾಗಿದೆ. ಅಲ್ಲಿನ ತ್ರ್ವಾ, ಪ್ರೊವೆಂ ಪೇಟೆಗಳು ಕಣ್ಣಿಗೆ ಕಟ್ಟುತ್ತವೆ. ಆದರೆ ಆ ಸೀಮೆಯನ್ನು ಆಳಿದ, ಸ್ಪೇನಿನ ಕಡೆಯ ರಾಜ್ಯ ನವಾರ್‌ನ ಬ್ಲಾಂಶ್‌ಳನ್ನು ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟದ್ದು ನನಗೆ ಬಹಳ ಬೇಸರ ತಂದಿತು. 1201ರಲ್ಲಿ ಪತಿ, ಶಾಂಪೇನಿನ ಕೌಂಟ್ ಮೂರನೆಯ ತಿಬೋ ತೀರಿಕೊಂಡಾಗ ಆಕೆ ತುಂಬು ಗರ್ಭಿಣಿ. ಆಮೇಲೆ ಹುಟ್ಟಿದ ಮಗನ ಪರವಾಗಿ 1222ರವರೆಗೂ ಆಡಳಿತ ನಡೆಸಿದಳು. ಅದೇನು ಸುಲಭದ ಕಾಲವೇ? ಗಂಡನ ಅಣ್ಣನ ಮಗಳು ಫಿಲಿಪ್ಪಾಳನ್ನು ಮದುವೆಯಾದ ಎರಾರ್ ದ ಬ್ರಿಯೆನ್, ಕೌಂಟಿ ತನ್ನ ಹೆಂಡತಿಗೇ ಸೇರಬೇಕೆಂದು ಹಠ ಹಿಡಿದು ಯುದ್ಧಕ್ಕೇ ಇಳಿದ. ಹಲವು ಸಾಮಂತರು ಅವನ ಬೆನ್ನಿಗೆ ನಿಂತರು. ಬ್ಲಾಂಶ್ ಜಗ್ಗಲಿಲ್ಲ; ಫ್ರಾನ್ಸಿನ ದೊರೆ ಎರಡನೆಯ ಫಿಲಿಪ್‌ನ ಬೆಂಬಲವನ್ನೂ ಪೋಪರ ಬೆಂಬಲವನ್ನೂ ಗಳಿಸಿ, ಕೌಂಟಿಯನ್ನು ಉಳಿಸಿ ಮಗನ ಕೈಗಿತ್ತಳು. ಕವಿಯೆಂದು ಹೆಸರಾದ ಆ ಮಗ, ನಾಲ್ಕನೆಯ ತಿಬೋ, 1234ರಲ್ಲಿ ನವಾರ್‌ನ ಸಿಂಹಾಸನ ಏರಿದ್ದೂ ತಾಯಿಯ ಕಡೆಯ ಹಕ್ಕಿನಿಂದಲೇ.