ಕಪ್ಪುಕುಳಿ ಬಕಾಸುರನಲ್ಲ

ಕಪ್ಪುಕುಳಿಯ (ಬ್ಲ್ಯಾಕ್ ಹೋಲ್) ಸುದ್ದಿ ಬಂದಾಗಲೆಲ್ಲ ನಮ್ಮ ಟಿವಿ ವಾಹಿನಿಗಳು ಅದನ್ನು ಬಕಾಸುರನನ್ನಾಗಿ ಮಾಡಿ, ಇಡೀ ಗ್ಯಾಲಕ್ಸಿಯನ್ನೇ ನುಂಗಿ ನೀರು ಕುಡಿಯುವಂತೆ ತೋರಿಸುತ್ತವೆ. ಈ ಚಿತ್ರದ ಬಗ್ಗೆ ನನ್ನ ತಕರಾರಿದೆ. ನಮ್ಮ ಕ್ಷೀರಪಥದ ನಡುವಿರುವ ಕುಳಿ ಸುಮಾರು 43 ಲಕ್ಷ ಸೂರ್ಯರಷ್ಟು ತೂಗಿದರೂ ಬುಧನ ಕಕ್ಷೆಯೊಳಗೆ ಸಲೀಸಾಗಿ ಹಿಡಿಸುತ್ತದೆ. ಎಸ್2 ಎಂಬ ನಕ್ಷತ್ರ 16 ವರ್ಷಕ್ಕೊಮ್ಮೆ ಅದರ ಸಮೀಪಕ್ಕೆ ಹೋಗಿ ಏನೂ ಆಗದೆ ಮರಳುತ್ತದೆ. ಸುಮಾರು 26 ಸಾವಿರ ಜ್ಯೋತಿರ್ವರ್ಷ ದೂರದಲ್ಲಿರುವ ನಮಗಂತೂ ಅದರ ಸೆಳೆತ ಲೆಕ್ಕಕ್ಕೇ ಇಲ್ಲ.

ನಿಜವಾದ ಸೋಜಿಗ ಬೇರೆಯೇ ಇದೆ. ಗ್ಯಾಲಕ್ಸಿಯ ನಡುವೆ ನಕ್ಷತ್ರಗಳು ಒತ್ತಾಗಿ ನೆರೆದಿರುವ ಉಬ್ಬಿನಲ್ಲಿ ಅವು ಎಷ್ಟು ರಭಸದಿಂದ ಅತ್ತಿತ್ತ ಓಡಾಡುತ್ತವೆಯೋ ಕುಳಿಯ ತೂಕವೂ ಅದಕ್ಕೆ ತಕ್ಕಂತಿರುತ್ತದೆ ಎಂದು 2000ದಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿಯೇ ಕಂಡುಕೊಂಡವು. ಆ ರಭಸ ಇಮ್ಮಡಿಯಾದರೆ ತೂಕ 16 ಪಟ್ಟು ಅಥವಾ ಅದಕ್ಕೂ ಹೆಚ್ಚಾಗುತ್ತದೆ. ಆ ನಕ್ಷತ್ರಗಳಲ್ಲಿ ಬಹುಪಾಲಿಗೆ ಕುಳಿಯ ಗುರುತ್ವ ತಟ್ಟುವುದೇ ಇಲ್ಲ ಎಂಬುದನ್ನು ನೆನೆದರೆ, ಮುಖಪರಿಚಯವೇ ಇಲ್ಲದ ಇಬ್ಬರ ಜಾತಕ ಅಕ್ಷರಶಃ ಕೂಡಿಬಂದಂತಿದೆ.

ಈ ನಂಟಿಗೆ ಕಾರಣ ಕುಳಿ ನುಂಗಿದ್ದಲ್ಲ, ನುಂಗುವ ಮೊದಲು ಹೊರಚೆಲ್ಲಿದ ಶಕ್ತಿ ಎಂಬ ವಾದ ಬಲವಾಗಿದೆ. ಸೂರ್ಯನೊಳಗೆ ಹೈಡ್ರೋಜನ್ ಹೀಲಿಯಂ ಆಗುವಾಗ ಅದರ ದ್ರವ್ಯದಲ್ಲಿ ಶೇ. 0.7ರಷ್ಟು ಮಾತ್ರ ಶಕ್ತಿಯಾದರೆ, ಕುಳಿಯತ್ತ ಸುತ್ತುತ್ತಾ ಬೀಳುವ ಅನಿಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಶಕ್ತಿಯಾಗಬಲ್ಲದು. ಪರ್ಸಿಯಸ್ ಗ್ಯಾಲಕ್ಸಿ ಸಮೂಹದ ನಡುವೆ ಇದು ಕಣ್ಣಿಗೇ ಕಾಣುತ್ತದೆ. ಅಲ್ಲಿನ ಕುಳಿಯಿಂದ ಚಿಮ್ಮಿದ ಧಾರೆಗಳು ಬಿಸಿ ಅನಿಲದಲ್ಲಿ ಬೃಹತ್ ಗುಳ್ಳೆಗಳನ್ನು ಊದಿವೆ. ಅವುಗಳ ಸುತ್ತ ಹಬ್ಬಿದ ಅಲೆಗಳನ್ನು 2003ರಲ್ಲಿ ಚಂದ್ರಾ ಎಕ್ಸ್-ಕಿರಣ ದೂರದರ್ಶಕದ ಚಿತ್ರಗಳಲ್ಲಿ ಗುರುತಿಸಲಾಯಿತು. ಅವು ಶಬ್ದದ ಅಲೆಗಳೇ, ಆದರೆ ಒಂದು ಕಂಪನ ಮುಗಿಯಲು ಸುಮಾರು ಒಂದು ಕೋಟಿ ವರ್ಷ ಬೇಕು. (ಇಷ್ಟು ವಿಲಂಬಿತ ಕಾಲದ ಕಛೇರಿಯನ್ನು ಯಾವ ರಸಿಕನೂ ಕೇಳಿರಲಾರ.) ತಣಿದು ನಕ್ಷತ್ರಗಳಾಗಬೇಕಿದ್ದ ಅನಿಲವನ್ನು ಕುಳಿ ಹೀಗೆ ಹೊರಚೆಲ್ಲುವ ಶಕ್ತಿಯ ಕಾವು ತಣಿಯಗೊಡುವುದಿಲ್ಲ. ಹೀಗೆ ಕುಳಿಯ ಕೆಲಸ ಗ್ಯಾಲಕ್ಸಿಯನ್ನು ತಿನ್ನುವುದಕ್ಕಿಂತ ಅದರ ಬೆಳವಣಿಗೆಗೆ ಕಡಿವಾಣ ಹಾಕುವುದು.

ಆದರೂ ಇದನ್ನೇ ಎಲ್ಲ ಗ್ಯಾಲಕ್ಸಿಗಳ ಕತೆ ಎನ್ನಲು ನನಗೆ ಹಿಂಜರಿಕೆ. ನಮ್ಮ ನೆರೆಯ ಎಂ33 ಎಂಬ ಸುರುಳಿ ಗ್ಯಾಲಕ್ಸಿಯಲ್ಲಿ ಉಬ್ಬು ಇಲ್ಲವೆನ್ನುವಷ್ಟು ಚಿಕ್ಕದು. ಅಲ್ಲಿ ಎಷ್ಟು ಹುಡುಕಿದರೂ ದೈತ್ಯ ಕುಳಿ ಸಿಕ್ಕಿಲ್ಲ, ಇದ್ದರೂ ಕೆಲವು ಸಾವಿರ ಸೂರ್ಯರ ತೂಕವನ್ನು ದಾಟದು. ಅದಿಲ್ಲದೆಯೂ ಎಂ33 ಚೆನ್ನಾಗಿಯೇ ಬಾಳುತ್ತಿದೆ. ಇನ್ನೊಂದು ತುದಿಯಲ್ಲಿ, ಮಹಾಸ್ಫೋಟವಾಗಿ ಕೇವಲ 47 ಕೋಟಿ ವರ್ಷ ಕಳೆದಿದ್ದಾಗಿನ ಯುಎಚ್‌ಜಡ್1 ಗ್ಯಾಲಕ್ಸಿಯಿದೆ. ವೆಬ್ ಮತ್ತು ಚಂದ್ರಾ ದೂರದರ್ಶಕಗಳು ಒಟ್ಟಾಗಿ ನೋಡಿ 2023ರಲ್ಲಿ ವರದಿಯಾದ ಅಂದಾಜಿನಂತೆ, ಅಲ್ಲಿನ ಕುಳಿಯ ತೂಕ ಆ ಗ್ಯಾಲಕ್ಸಿಯ ಎಲ್ಲ ನಕ್ಷತ್ರಗಳ ಒಟ್ಟು ತೂಕಕ್ಕೆ ಹತ್ತಿರವಿದೆ. ನಮ್ಮ ಸುತ್ತಲಿನ ಗ್ಯಾಲಕ್ಸಿಗಳಲ್ಲಿ ಅದು ಉಬ್ಬಿನ ಶೇ. ಒಂದರಷ್ಟೂ ಇರುವುದಿಲ್ಲ. ನಕ್ಷತ್ರ ಸತ್ತು ಉಳಿದ ಪುಟ್ಟ ಕುಳಿ ಇಷ್ಟು ಬೇಗ ಇಷ್ಟು ಕೊಬ್ಬುವುದು ಕಷ್ಟ. ಅನಿಲದ ಮೋಡವೇ ನೇರವಾಗಿ ಕುಸಿದು ಆರಂಭದಲ್ಲೇ ದೈತ್ಯ ಕುಳಿಗಳ ಭಾರವಾದ ಬೀಜಗಳು ಹುಟ್ಟಿರಬಹುದೆಂದು ಯೇಲ್ ವಿಶ್ವವಿದ್ಯಾಲಯದ ಪ್ರಿಯಂವದಾ ನಟರಾಜನ್ ಮತ್ತು ಸಂಗಡಿಗರು ಮೊದಲೇ ಲೆಕ್ಕ ಹಾಕಿದ್ದರು. ಆ ಲೆಕ್ಕ ನಿಂತರೆ, ಅಲ್ಲಿ ಕುಳಿಯೇ ಮೊದಲು ದೊಡ್ಡದಾಗಿ, ನಕ್ಷತ್ರಗಳು ಅದರ ಹಿಂದೆ ಬಂದವು ಎಂದಾಗುತ್ತದೆ.