ಕುಂಡದಲ್ಲೊಂದು ತುಂಬೆ

"ಅದನ್ನ ಕೀಳ್ಸಕ್ಕೆ ಕೂಲಿ ಕೊಡ್ತೀವಿ ಕಣೋ, ನೀನು ಕುಂಡದಲ್ಲಿ ಬೆಳೀತೀನಿ ಅಂತೀಯಲ್ಲ!" ಎಂದು ಅಮ್ಮ ಫೋನಿನಲ್ಲಿ ನಕ್ಕಳು.

ಅವಳ ನಗುವಿಗೂ ಕಾರಣವಿದೆ. ಶಿರಾ ಕಡೆಯ ನಮ್ಮ ಹೊಲದಲ್ಲಿ ತುಂಬೆ ಬಿತ್ತಿದವರಿಲ್ಲ, ನೀರು ಹಾಕಿದವರಿಲ್ಲ. ಮುಂಗಾರು ನಾಲ್ಕು ಹನಿ ಬಿದ್ದರೆ ಸಾಕು, ಕಡಲೆಕಾಯಿಯ ಜೊತೆಗೇ ಎದ್ದು ನಿಲ್ಲುತ್ತದೆ. ಬಿಸಿಲು ಜಾಸ್ತಿಯಾದಷ್ಟೂ ಖುಷಿ ಅದಕ್ಕೆ. ನಾನೂ ಸುಮ್ನಿರಲಿಲ್ಲ. ಕೇರಳದ 'ತುಂಬಾ' ಅನ್ನೋ ಊರಿಗೆ ಈ ಗಿಡದಿಂದಲೇ ಹೆಸರು ಬಂತು ಅಂತಾರೆ, 1963ರ ನವೆಂಬರ್ 21ರಂದು ನಮ್ಮ ನೆಲದಿಂದ ಬಾಹ್ಯಾಕಾಶದತ್ತ ಮೊದಲ ರಾಕೆಟ್ ಹಾರಿದ್ದು ಅಲ್ಲಿಂದಲೇ ಎಂದೆ. "ರಾಕೆಟ್ ಹಾರ್ಲಿ ಬಿಡು, ನಮ್ಗೆ ಕಡ್ಲೆಕಾಯಿ ಬರ್ಬೇಕಲ್ಲ," ಎಂದಳು.

ನನಗೆ ಈ ಹುಚ್ಚು ಹಿಡಿದಿದ್ದು ಒಂದು ಶಿವರಾತ್ರಿಯ ಮಾರ್ಕೆಟಿನಲ್ಲಿ. ಶಿವನ ಪೂಜೆಗೆಂದು ಎಲೆಯಲ್ಲಿ ಸುತ್ತಿದ ಒಂದು ಹಿಡಿ ತುಂಬೆ ಹೂವಿಗೆ ಹೇಳಿದ ರೇಟು ಕೇಳಿ, ಇದನ್ನು ತುಳಿದುಕೊಂಡು ಶಾಲೆಗೆ ಹೋದವನು ನಾನು ಎಂದು ಸಿಟ್ಟೇ ಬಂತು.

ಮಳೆಗಾಲ ಬಂದಾಗ ಬಡಾವಣೆಯ ಖಾಲಿ ಸೈಟಿಗೆ ಇಳಿದೆ. ಗೆಣ್ಣು ಗೆಣ್ಣಿಗೂ ಬಿಳಿ ಹೂ, ಚೌಕ ಕಡ್ಡಿ. ಇದೇ ಎಂದು ಬೇರು ಸಮೇತ ತಂದೆ. ನಾಲ್ಕು ದಿನ ನೀರೂ ಹಾಕಿದೆ. ಆಮೇಲೆ ಒಂದು ಹೂ ಕಿತ್ತು ನೋಡಿದರೆ ನಾಲ್ಕು ಸಮ ಎಸಳಿನ ಬೇರೆ ಯಾವುದೋ ಕಳೆ! ತುಂಬೆಯ ಹೂವಿಗೆ ಎಸಳಲ್ಲ, ತುಟಿ ಇರುವುದು. ಮೇಲ್ದುಟಿ ಪುಟ್ಟದು, ನೂಲಿನಂಥ ರೋಮ ಹೊದ್ದಿರುತ್ತದೆ. ಕೆಳದುಟಿ ನಾಲಿಗೆ ಚಾಚಿದ ಹಾಗೆ ಅಗಲ. ತುಳಸಿಯ ಬಳಗ ತಾನೇ. ಎಲೆ ಸವರಿದರೆ ಒರಟು. ಸಸ್ಯಶಾಸ್ತ್ರದವರು ಇಟ್ಟ ಲ್ಯೂಕಾಸ್ ಆಸ್ಪೆರಾ ಎಂಬ ಹೆಸರೂ ಅದನ್ನೇ ಹೇಳುತ್ತದೆ, ಮೊದಲನೆಯದು ಬಿಳುಪು, ಎರಡನೆಯದು ಒರಟು.

ಇಷ್ಟೆಲ್ಲ ಈಗ ಕಲಿತಿದ್ದು. ಚಿಕ್ಕವರಿದ್ದಾಗ ತುಂಬೆಯನ್ನು ಕಣ್ಣಿನಿಂದ ಗುರುತು ಹಿಡಿದದ್ದೇ ಇಲ್ಲ, ನಾಲಿಗೆಯಿಂದ ಹಿಡಿದದ್ದು. ಹೂವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆದರೆ ಬುಡದ ಬಿಳಿ ಕೊಳವೆ ಜಾರಿ ಬರುತ್ತದೆ. ಅದರ ತುದಿ ಚೀಪಿದರೆ ಒಂದೇ ಒಂದು ಕ್ಷಣ ಸಿಹಿ.

ಎರಡನೇ ಸಲ ಸರಿಯಾದ ಗಿಡವನ್ನೇ ತಂದೆ. ಅದು ಸಂಜೆಯೊಳಗೆ ತಲೆ ಬಾಗಿಸಿತು. ಬೀಜವೇ ಗತಿ. ಹೂ ಉದುರಿದ ಮೇಲೆ ಉಳಿಯುವ ಹಸಿರು ಉಂಡೆ ಒಣಗಿ ಮುಳ್ಳುಮುಳ್ಳಾದಾಗ ಅಂಗೈಯಲ್ಲಿ ತಿಕ್ಕಬೇಕು. ಒಂದು ಹೂವಿಗೆ ಹೆಚ್ಚೆಂದರೆ ನಾಲ್ಕು ಬೀಜ, ಜೀರಿಗೆಯನ್ನು ಅರ್ಧ ಮುರಿದಷ್ಟು. ಜೂನಿನಲ್ಲಿ ಕುಂಡದ ಮೇಲೆ ಉದುರಿಸಿ, ಮಣ್ಣು ಮುಚ್ಚಿಯೂ ಮುಚ್ಚದ ಹಾಗೆ ಮಾಡಿದೆ. ಪ್ರೀತಿ ಹೆಚ್ಚಾಗಿ ಎರೆಗೊಬ್ಬರವನ್ನೂ ಧಾರಾಳವಾಗಿ ಸುರಿದಿದ್ದೆ. ಗಿಡ ಸೊಂಟದೆತ್ತರ ಬೆಳೆದು, ಎಲೆ ಬಿಟ್ಟಿದ್ದೇ ಬಿಟ್ಟಿದ್ದು, ಹೂವಿನ ಸುದ್ದಿಯಿಲ್ಲ. "ಕೊಬ್ಬಿದೆ," ಎಂದಳು ಅಮ್ಮ. ಮರುವರ್ಷ ಕೆಮ್ಮಣ್ಣು, ಅರ್ಧ ಮರಳು, ನೀರಿನ ಟ್ಯಾಂಕಿನ ಪಕ್ಕದ ಸುಡುಬಿಸಿಲು. ಮಣ್ಣು ಪೂರ್ತಿ ಒಣಗಿದರೆ ಮಾತ್ರ ಒಂದು ಚೊಂಬು ನೀರು. ಆಗಸ್ಟ್ ಕೊನೆಗೆ ಹೂ ಬಂತು.

ಆದರೆ ಶಿವರಾತ್ರಿ ಇನ್ನೂ ಐದಾರು ತಿಂಗಳು ದೂರ! ಅಷ್ಟು ಹೊತ್ತಿಗೆ ಬಯಲಿನ ತುಂಬೆ ಒಣಗಿ ಕಡ್ಡಿಯಾಗಿರುತ್ತದೆ, ನೀರಿನ ಪಸೆ ಇರುವ ಕಡೆ ಅಷ್ಟಿಷ್ಟು ಹೂ ಅಷ್ಟೆ. ಮಾರ್ಕೆಟಿನ ರೇಟಿನ ಗುಟ್ಟು ಆಗ ಹೊಳೆಯಿತು.

ಇರಲಿ ಎಂದು ಮಗಳನ್ನು ಮಹಡಿಗೆ ಕರೆದು ಚೀಪುವುದನ್ನು ಕಲಿಸಿದೆ. ಅವಳು ಚೀಪಿ, ಮುಖ ಕಿವುಚಿ, "ಏನೂ ಇಲ್ಲ ಅಪ್ಪ," ಎಂದಳು. ಇನ್ನೊಂದು ಕೊಟ್ಟೆ. ಅದರಲ್ಲೂ ಏನಿಲ್ಲ. ಬಗ್ಗಿ ನೋಡಿದರೆ ಹೂವಿನೊಳಗಿಂದ ಒಂದು ಕರಿ ಇರುವೆ ಹಿಂದೆ ಹಿಂದೆ ಸರಿಯುತ್ತಾ ಹೊರಬಂತು. ಅದರ ಹಿಂದೆ ಕುಂಡದ ಅಂಚಿನಿಂದ ಶುರುವಾದ ಸಾಲು, ಮಳೆನೀರಿನ ಪೈಪು ಹಿಡಿದು ಮೂರು ಮಹಡಿ ಕೆಳಗೆ, ಆ ಖಾಲಿ ಸೈಟಿನವರೆಗೂ ಇತ್ತು.