ಗಾಂಧಿ ಬಜಾರಿಗೆ ಸಾವಿರ ವಾಟ್

ನಮ್ಮ ಮನೆಯಿಂದ ಗಾಂಧಿ ಬಜಾರಿಗೆ ಒಂದೂವರೆ ಕಿಲೋಮೀಟರ್. ಅಲ್ಲಿಂದ ಕೊತ್ತಂಬರಿ ಸೊಪ್ಪು ತರಲು ಎಷ್ಟು ಶಕ್ತಿಯ ಮೋಟರಿನ ಎಲೆಕ್ಟ್ರಿಕ್ ಸೈಕಲ್ ಬೇಕು ಅಂತ ಹದಿನೈದು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಸಾವಿರ ವಾಟ್‌ಗಿಂತ ಕಡಿಮೆಯದು ತಗೊಂಡರೆ ದುಡ್ಡು ದಂಡ ಅಂತ ಪಕ್ಕದ ಮನೆ ರಾಯರು ಹೇಳಿಬಿಟ್ಟಿದ್ದಾರೆ. ಅವರ ಎಲೆಕ್ಟ್ರಿಕ್ ಸೈಕಲ್ಲಿಗೆ ನಾಲ್ಕಿಂಚು ಅಗಲದ ಟೈರು. ಅಲಾಸ್ಕಾದವರು ಹಿಮದಲ್ಲಿ, ನ್ಯೂ ಮೆಕ್ಸಿಕೋದವರು ಮರಳಿನಲ್ಲಿ ಹೂತುಹೋಗದೆ ಓಡಾಡಲು ಕಂಡುಕೊಂಡ ಟೈರಿದು. ಬಸವನಗುಡಿಗೆ ಯಾಕೆ ಅಂತ ಕೇಳಿದರೆ, "ನಾಳೆ ಹಿಮ ಬೀಳಲ್ಲ ಅಂತ ಏನ್ರೀ ಗ್ಯಾರಂಟಿ?" ಅಂದರು.

ಭಾನುವಾರ ಬೆಳಿಗ್ಗೆ ಮನೆಯವಳು ಸೊಪ್ಪಿಗೆ ಅಂತ ಕಳಿಸಿದಳು. ದಾರಿಯಲ್ಲೇ ಸೈಕಲ್ ಅಂಗಡಿ.

"ಸರ್, ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಇನ್ಶೂರೆನ್ಸ್ ಬೇಡ" ಅಂತ ಹುಡುಗ ಶುರು ಮಾಡಿದ.

ನಿಯಮ ಇರುವುದು ನಿಜ. ಮೋಟರ್ 250 ವಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗೆ ಇದ್ದರೆ ಅದು ಮೋಟಾರು ವಾಹನವೇ ಅಲ್ಲ.

"ಇದು ಎಷ್ಟು ವಾಟಪ್ಪಾ?"

"ಬಿಲ್ಲಲ್ಲಿ 250 ಸರ್."

"ಮೋಟರಲ್ಲಿ?"

ಹುಡುಗ ಆಚೀಚೆ ನೋಡಿದ. ಹ್ಯಾಂಡಲ್ ಮೇಲಿನ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದ. ಪುಟ್ಟ ಪರದೆಯಲ್ಲಿ 25 ಇದ್ದದ್ದು 45 ಆಯಿತು. "ಸಾವಿರ ಸರ್. ಇದು ಆಫ್‌ರೋಡ್ ಮೋಡ್. ಸ್ವಂತ ಜಮೀನಲ್ಲಿ ಮಾತ್ರ ಓಡಿಸಬೇಕು."

ಬೆಂಗಳೂರಿನಲ್ಲಿ 45ರ ವೇಗದಲ್ಲಿ ಓಡಿಸುವಷ್ಟು ಸ್ವಂತ ಜಮೀನು ಇರುವವನು ಸೊಪ್ಪಿಗೆ ತಾನೇ ಹೋಗ್ತಾನಾ?

ಜಮೀನು ಬಿಡಿ, ರಸ್ತೆಯಲ್ಲಾದರೂ ಎಲ್ಲಿ ಓಡಿಸೋದು? ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2024ರ ಲೆಕ್ಕದಲ್ಲಿ ಬೆಂಗಳೂರಲ್ಲಿ 10 ಕಿ.ಮೀ. ದಾಟಲು ಸುಮಾರು 34 ನಿಮಿಷ ಬೇಕಿತ್ತು. ಅಂದರೆ ಗಂಟೆಗೆ 18 ಕಿ.ಮೀ. ಕೂಡ ಇಲ್ಲ. ಸರ್ಕಾರ ಕೊಟ್ಟಿರುವ 25ರಲ್ಲೇ ಏಳು ಮಿಕ್ಕಿ ಉಳಿಯುತ್ತದೆ. ಕಾರಿನವರು ಕ್ಲಚ್ ಒತ್ತಿಕೊಂಡು ಎಲ್ಲಿ ನಿಂತಿರುತ್ತಾರೋ, ಸಾವಿರ ವಾಟ್ ಇಟ್ಟುಕೊಂಡು ನಾವೂ ಅಲ್ಲೇ ನಿಲ್ಲುವುದು.

"ಪೆಡಲ್ ಯಾಕೆ ಕೊಟ್ಟಿದಾರೆ?" ಅಂದೆ.

"ಪೊಲೀಸ್ನೋರು ಕೇಳಿದ್ರೆ ತೋರ್ಸೋಕೆ ಸರ್."

ಕೈಗೊಂದು ಕರಪತ್ರ ಕೊಟ್ಟ. ಒಂದು ಚಾರ್ಜಿಗೆ 100 ಕಿ.ಮೀ. ಅಂತ ದಪ್ಪಕ್ಷರ, ಪಕ್ಕದಲ್ಲೊಂದು ನಕ್ಷತ್ರ. ಕೆಳಗೆ ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಆ ನಕ್ಷತ್ರದ ಜಾತಕ. ಸವಾರ 60 ಕೆ.ಜಿ. ಇರಬೇಕು, ರಸ್ತೆ ಸಮತಟ್ಟಾಗಿರಬೇಕು, ಎದುರುಗಾಳಿ ಕೂಡದು, ಮೋಟರಿನ ನೆರವು ಒಂದನೇ ಹಂತದಲ್ಲೇ ಇರಬೇಕು. ಬಡಕಲು ಮನುಷ್ಯ ತಾನೇ ತುಳಿದುಕೊಂಡು ಹೋದರೆ ನೂರು ಕಿಲೋಮೀಟರ್ ಹೋಗ್ತಾನೆ ಅನ್ನೋದಕ್ಕೆ ಇಷ್ಟು ಬೆಲೆ! ನಾನು 84 ಕೆ.ಜಿ. ಬ್ಯಾಟರಿ 48 ವೋಲ್ಟ್, 15 ಆಂಪಿಯರ್ ಅವರ್. ಗುಣಿಸಿದರೆ 720 ವಾಟ್ ಅವರ್. ತುಳಿಯದೆ ಬರೀ ಥ್ರಾಟಲ್ ತಿರುಚಿದರೆ ಇಂಥ ದಪ್ಪ ಟೈರಿನ ಗಾಡಿ ಕಿಲೋಮೀಟರಿಗೆ ಇಪ್ಪತ್ತು ವಾಟ್ ಅವರ್ ಹತ್ತಿರ ತಿನ್ನುತ್ತದೆ. ಹಾಗಾದರೆ ಸಿಗುವುದು 36 ಕಿ.ಮೀ.

ಮೂವತ್ತಾರು ಅಂದರೆ ಹನ್ನೆರಡು ಸಲ ಗಾಂಧಿ ಬಜಾರಿಗೆ ಹೋಗಿಬರಬಹುದು. ಆದರೂ ಯಾಕೋ ಕಡಿಮೆ ಅನ್ನಿಸಿತು ನೋಡಿ. "ಎರಡು ಬ್ಯಾಟರಿದು ಇದೆಯೇನಪ್ಪಾ?" ಅಂತ ಕೇಳಿಯೇಬಿಟ್ಟೆ.

ಅಷ್ಟರಲ್ಲಿ ಎದುರಿನ ಪಂಕ್ಚರ್ ಅಂಗಡಿಗೆ ರಾಯರು ಬಂದರು. ಗಾಡಿ ಮೇಲೆ ಅವರಿರಲಿಲ್ಲ, ಮೂವತ್ನಾಲ್ಕು ಕೆ.ಜಿ. ಗಾಡಿಯನ್ನು ಅವರೇ ನೂಕಿಕೊಂಡು ಬಂದಿದ್ದರು. ಬನಿಯನ್ ಒದ್ದೆ. ಅಂಗಡಿಯವನು ಟೈರು ಬಿಚ್ಚಿ, ಒಳಗಿದ್ದದ್ದನ್ನು ಎತ್ತಿ ಹಿಡಿದು, "ಸರ್, ಇದು ಟ್ಯೂಬೋ ದಿಂಬೋ?" ಅಂದ. ಅಂಥದ್ದು ಅವನ ಹತ್ತಿರ ಇಲ್ಲ, ತರಿಸಬೇಕು, ಎಂಟು ದಿನ. ಹೋಗಲಿ, ತೇಪೆ ಹಾಕಿ ಗಾಳಿಯಾದರೂ ತುಂಬು ಅಂದರು. ಎಷ್ಟು ಬಿಡಲಿ ಅಂದ. ಹದಿನೈದು ಅಂದರು.

"ಹದಿನೈದಾ? ಕಾರಿಗೇ ಮೂವತ್ತೆರಡು ಬಿಡ್ತೀನಿ. ಇಷ್ಟು ದಪ್ಪ ಇಟ್ಕೊಂಡು ಹದಿನೈದಾ?"

ರಾಯರು ನನ್ನನ್ನು ನೋಡಿ ಕೈ ಎತ್ತಿದರು. ಬೇಡ ಅಂತಲೋ, ನಮಸ್ಕಾರ ಅಂತಲೋ ಗೊತ್ತಾಗಲಿಲ್ಲ. ಇತ್ತ ಹುಡುಗ ಕಿವಿಯ ಹತ್ತಿರ ಬಂದು, "ಎರಡು ಬ್ಯಾಟರಿದು ಕಪ್ಪು ಬಣ್ಣದಲ್ಲಿ ಒಂದೇ ಉಳಿದಿರೋದು ಸರ್" ಅಂದ.

ಐದು ಸಾವಿರ ಅಡ್ವಾನ್ಸ್ ಕೊಟ್ಟು ಮನೆಗೆ ಬಂದೆ.

"ಸೊಪ್ಪೆಲ್ಲಿ ರೀ?" ಅಂದಳು.